ಪಾತಮ್ಮನ ಕೈಗುಣ

ಕುರಿಯ ಗೊರಸು ಕೊಳೆತರೆ ಹಟ್ಟಿಯವರೆಲ್ಲ ಪಾತಮ್ಮನ ಬಾಗಿಲಿಗೇ ಬರುತ್ತಿದ್ದರು. ಮೈಲುತುತ್ತವನ್ನು ಕೆಂಡದ ಮೇಲೆ ಹುರಿದು, ಪುಡಿ ಮಾಡಿ ಅವಳು ಗೊರಸಿಗೆ ಒತ್ತಿದಳೆಂದರೆ ಎಂಟು ದಿನದಲ್ಲಿ ಕುರಿ ನೆಗೆದಾಡಬೇಕು. ಅಂಥ ಕೈಗುಣ. ಈಗ ಅವಳನ್ನು ಕಂಡರೆ ಜನ ಕುರಿಗಳನ್ನು ಆಚೆ ಹೊಡೆದುಕೊಂಡು ಹೋಗುತ್ತಿದ್ದರು. ಅವಳು ಪುಡಿ ಒತ್ತಿದ ಮೇಲೆ ಓಬಳೇಶನ ನಾಲ್ಕು ಕುರಿ ಕಾಲು ನೆಕ್ಕಿಕೊಂಡು ಸತ್ತಿದ್ದವಲ್ಲ!

ತಪ್ಪು ಅವಳದೂ ಹೌದು. ಉಗಾದಿ ಕಳೆದು ತಿಂಗಳಿಗೆ ತುತ್ತ ಮುಗಿದಿತ್ತು, ಕುರಿ ಮೇಯುವ ಕಾವಲಿನ ಅಂಚಿನ ಹಳೇ ತಾಮ್ರದ ಗಣಿಯ ಗುಂಡಿಯಲ್ಲಿ ಅದೇ ನೀಲಿ ಬಣ್ಣದ ಕಲ್ಲು ಸಿಕ್ಕಿತು, ತಂದು ಹುರಿದಳು. ಮನೆಯೆಲ್ಲ ಬೆಳ್ಳುಳ್ಳಿ ವಾಸನೆ. ಮನೆಯಲ್ಲಿ ಬೆಳ್ಳುಳ್ಳಿಯ ಒಂದು ಎಸಳೂ ಇರಲಿಲ್ಲ. ಆಗಲೇ ಬಿಸಾಕಬೇಕಿತ್ತು.

ಆ ಗುಂಡಿಗೆ ಆಗಾಗ ಬರುತ್ತಿದ್ದವನು ಕಲ್ಲು ಪರೀಕ್ಷೆ ಮಾಡುವ ಸಂಗಮೇಶ, ಹಟ್ಟಿಯವರ ಬಾಯಲ್ಲಿ ಮೇಷ್ಟ್ರು. ಅವಳ ಮನೆಯ ರೊಟ್ಟಿ ತಿಂದವನು. ಈ ಸಲ ಬಂದಾಗ ಅವಳು ಉಳಿದಿದ್ದ ಚೂರನ್ನು ಮುಂದಿಟ್ಟಳು. "ಏನ್ರೀ ಮೇಷ್ಟ್ರೇ ಇದು?"

ಅವನು ಗ್ಲೌಸ್ ಹಾಕಿಕೊಂಡೇ ಎತ್ತಿಕೊಂಡ. ಮುಖ ಅರಳಿತು. "ಬಲು ಅಪರೂಪದ್ದಮ್ಮ! ಗೀರಿದ್ರೆ ತಿಳಿನೀಲಿ ಪುಡಿ ಬರುತ್ತೆ. ತುತ್ತದ ಹಾಗೆ ನೀರಲ್ಲಿ ಕರಗಲ್ಲ. ಕೆಂಡಕ್ಕೆ ಹಾಕಿದ್ರೆ ಬೆಳ್ಳುಳ್ಳಿ ವಾಸನೆ. ತಾಮ್ರದ ಜೊತೆ ಪಾಷಾಣ ಸೇರಿರುತ್ತಲ್ಲ!"

ಪಾಷಾಣ! ಅದನ್ನೇ ಅವಳು ಕುರಿಗಳ ಗೊರಸಿಗೆ ಒತ್ತಿದ್ದಳು.

"ಯಾವಾಗ ಗೊತ್ತಾತು ನಿಮಗೆ?"

"ಉಗಾದಿ ಹೊತ್ತಿಗೇ ರಿಪೋರ್ಟ್ ಬಂತು. ಅದಕ್ಕೇ ಬೋರ್ಡ್ ಹಾಕಿಸಿದ್ವಿ."

ಹಾಕಿಸಿದ್ದ, ನಿಜ. ಅಪರೂಪದ ಕಲ್ಲು, ಯಾರೂ ಒಯ್ಯಬಾರದು ಅಂತ, ಅದೂ ಇಂಗ್ಲಿಷಿನಲ್ಲಿ; ಶಾಲೆಯ ಹುಡುಗರು ಆಮೇಲೆ ಓದಿ ಹೇಳಿದ್ದರು. ವಿಷ ಅನ್ನುವ ಮಾತೇ ಅದರಲ್ಲಿರಲಿಲ್ಲ. ಕಲ್ಲಿಗೆ ಕಾವಲು, ಕುರಿ ಸತ್ತರೆ ಸಾಯಲಿ! ಆ ಗ್ಲೌಸು ಕಲ್ಲು ಕೊಳೆಯಾಗದಿರಲಿ ಅಂತಲೇ ಅವಳು ಇಷ್ಟು ದಿನ ನಂಬಿದ್ದಳು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಹುರಿದ ಪುಡಿಯ ಡಬ್ಬಿ ಹಿಡಿದು, ಅವನ ತೋಳು ಜಗ್ಗಿಕೊಂಡು ಬೇವಿನ ಕಟ್ಟೆಗೆ ನಡೆದಳು. ಓಬಳೇಶ ಅಲ್ಲೇ ನಾಲ್ಕು ಜನರ ನಡುವೆ ಕೂತಿದ್ದ.

"ಗ್ಲೌಸ್ ಬಿಚ್ರಿ ಮೇಷ್ಟ್ರೇ. ಬರಿಗೈ ಚಾಚ್ರಿ, ಒಂದೀಟು ಪುಡಿ ಹಾಕ್ತೀನಿ."

ಸಂಗಮೇಶ ಎರಡೂ ಕೈ ಬೆನ್ನ ಹಿಂದಕ್ಕೆ ಒಯ್ದ. "ಬೇಡಮ್ಮ... ಅದು ವಿಷ."

ಓಬಳೇಶ ಎದ್ದು ನಿಂತ.

"ಇನ್ನೊಂದ್ ಸಲ ಹೇಳ್ರಿ," ಅಂದಳು ಪಾತಮ್ಮ. "ನನ್ ಕೈ ವಿಷ ಅಂತ ಇವರೆಲ್ಲ ಹೇಳ್ಕೊಂಡು ತಿರುಗ್ತಾವ್ರೆ."

ಅವನು ಹೇಳಿದ, ಈ ಸಲ ಗಟ್ಟಿಯಾಗಿ. ಪಾತಮ್ಮ ಅವನ ಕಡೆ ತಿರುಗಿದಳು.

"ಇದೇ ಮಾತು ಉಗಾದಿಗೇ ಆಡಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು?"