ಬ್ಯಾಟರಾಯಪ್ಪನವರ ಬಾಗಿಲಲ್ಲಿ ನಿಂತ ರೈಲು

ನಮ್ಮೂರ ರೈಲಿಗೆ ಲೈಟ್ ರೈಲ್ವೆ ಅಂತ ಹೆಸರು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಎಲ್ಲಾ ಡಬ್ಬೀನೂ ಹುಡುಕಿದೆ, ಒಂದು ಲೈಟೂ ಇರ್ಲಿಲ್ಲ. "ಅಂಗಂದ್ರೆ ಅಗುರ ಅಂತ ಕಣೇ," ಅಂದ್ರು ನಮ್ಮ ಯಜಮಾನ್ರು. ಹಗುರ ಅನ್ನೋದೇನೋ ನಿಜ. ಕೆರೆ ಏರಿ ಹತ್ರ ದಿಬ್ಬ ಬಂದ್ರೆ ಗಂಡಸರೆಲ್ಲ ಇಳಿದು ತಳ್ಳೋರು, ಇಂಜಿನ್ನು ಉಸ್ಸಪ್ಪಾ ಅಂತ ಹತ್ತೋದು. ದುಡ್ಡು ಕೊಟ್ಟು ರೈಲು ತಳ್ಳೋ ಊರು ಇನ್ನೆಲ್ಲಾದ್ರೂ ಇದ್ರೆ ನಂಗೆ ಹೇಳಿ.

ನಾನು ವೆಂಕಟಲಕ್ಷ್ಮಮ್ಮ. ತವರು ಯಲಹಂಕ, ಸೇರಿದ್ದು ಹುಣಸೇಪಾಳ್ಯ. ಈ ಎರಡು ಊರಿನ ಮಧ್ಯೆ ಓಡಾಡ್ತಿದ್ದ ಚಿಕ್ಕ ರೈಲಿನ ಕಥೆ ಇದು. ಅದು ಹೇಗೆ ನಿಂತುಹೋಯ್ತು ಅಂತ ಕೇಳಿದ್ರೆ ನಮ್ಮೂರಿನವರು ಸರ್ಕಾರದ ಕಡೆ ಬೆರಳು ತೋರಿಸ್ತಾರೆ. ತೋರಿಸಲಿ ಬಿಡಿ, ಬೆರಳಿಗೇನು ಬಾಡಿಗೆಯೇ?

ತಾತಂದಿರ ಕಾಲದಲ್ಲಿ ಕಂಪನಿಯವರು ಬಂದು ಹಳಿ ಹಾಕೋಕೆ ನೆಲ ಬೇಡಿದರಂತೆ. ದೊಡ್ಡ ಮನೆಗಳವರು ಕೊಟ್ಟರು, ಎರಡು ಷರತ್ತು ಹಾಕಿ. ನೆಲ ಕೊಟ್ಟವರು ಬಾಗಿಲಲ್ಲಿ ನಿಂತು ಕೈ ಎತ್ತಿದ್ರೆ ರೈಲು ನಿಲ್ಲಬೇಕು. ಯಾವತ್ತಾದ್ರೂ ರೈಲು ಓಡೋದು ನಿಂತ್ರೆ ಕೊಟ್ಟವರ ನೆಲ ಕೊಟ್ಟವರಿಗೇ ವಾಪಸ್ಸು. ಕಂಪನಿ ಹೋಗಿ ಸರ್ಕಾರ ಬಂದ್ರೂ ಷರತ್ತು ಹಾಗೇ ಉಳೀತು. ಬ್ಯಾಟರಾಯಪ್ಪನವರು ಊರಿಗೆಲ್ಲ ಹಿರಿಯರು. ಅವರು ಕೈ ಎತ್ತಿದ್ರೆ ರೈಲು ನಿಲ್ಲೋದು, ಆಮೇಲೆ ಅವರು ಒಳಗೆ ಹೋಗಿ ಮುದ್ದೆ ಉಂಡು ಬರೋರು. ಕೆಲವು ದಿನ ಹತ್ತೋದೂ ಇಲ್ಲ. ಸುಮ್ಮನೆ ನಿಲ್ಲಿಸಿ, "ಏನೋ ಸಾಬಿ, ಆ ಕಡೆ ಮಳೆ ಬಂತಾ?" ಅಂತ ಡ್ರೈವರ್ ರಹಮತುಲ್ಲಾನ ಕೇಳಿ ಕಳಿಸೋರು.

ನೆಲ ಕೊಟ್ಟ ಮನೆ ಅನ್ನೋ ಹೆಸರು ನಮ್ಮ ಪಾಲಿಗೆ ಬರಲಿಲ್ಲ. ಮನೆ ಪಾಲಾದಾಗ ಭಾವನೋರು ಮುನಿಕೃಷ್ಣಪ್ಪನೋರು ಹಳಿಗೆ ನೆಲ ಕೊಟ್ಟಿದ್ದ ಗದ್ದೆ ತಾವಿಟ್ಟುಕೊಂಡು, ತಮ್ಮನಿಗೆ ಕಲ್ಲು ತುಂಬಿದ ಒಂದು ತುಂಡು ಕೊಟ್ಟಿದ್ರು. ಕಲ್ಲು ಆರಿಸಿ ಆರಿಸಿ ನನ್ನ ಉಗುರು ಹೋಯ್ತು, ಆದ್ರೆ ದುಂಡುಮಲ್ಲಿಗೆ ಬಂತು, ಕನಕಾಂಬರ ಬಂತು. ದಿನಾ ಬೆಳಗ್ಗೆ ಬುಟ್ಟಿ ಹೊತ್ತು ಟೇಷನ್ನಿಗೆ ನಡೆದು ಚಿಕ್ಕ ರೈಲು ಹತ್ತಿ, ಯಲಹಂಕದಲ್ಲಿ ದೊಡ್ಡ ರೈಲು ಹಿಡಿದು, ಬಿಸಿಲೇರೋ ಮುಂಚೆ ಯಶವಂತಪುರದಲ್ಲಿ ಹೂವು ಮಾರ್ತಿದ್ದೆ. ಹೂವು ಬಂದ ಮೇಲೆ ಭಾವನೋರಿಗೆ ಆ ತುಂಡಿನ ಮೇಲೆ ಪ್ರೀತಿ ಬಂತು ನೋಡಿ! ಒಂದು ದಿನ ಅರಳಿಕಟ್ಟೆಯಲ್ಲಿ ತಮ್ಮನ್ನ ಕರೆದು, "ಎಂಗ್ಸಿನ ವ್ಯಾಪಾರ ಎಷ್ಟ್ ದಿನ ಲಕ್ಕಣ್ಣ? ಅದು ನಿಂತ್ ದಿನ ತೋಟ ನಂಗೇ ಬುಟ್ಬುಡು," ಅಂದ್ರಂತೆ. ನಮ್ಮ ಯಜಮಾನ್ರು ಹತ್ತು ಜನರ ಮುಂದೆ "ಹೂಂ" ಅಂದುಬಿಟ್ರು. ಅವರು ಯಾರಿಗೂ ಊಹೂಂ ಅಂದವರೇ ಅಲ್ಲ, ದೇವರಂಥ ಮನುಷ್ಯ. ದೇವರನ್ನ ಕಟ್ಟಿಕೊಂಡವಳ ಪಾಡು ದೇವರಿಗೇ ಪ್ರೀತಿ.

ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ ಇರಬೇಕು, ರಹಮತುಲ್ಲಾ ಸುದ್ದಿ ತಂದ. "ಅಕ್ಕಾ, ಜಯಸಿಂಹ ಅಂತ ಸಾಹೇಬ್ರು ನೋಡೋಕ್ ಬರ್ತಾವ್ರೆ. ಜನ ಟಿಕೆಟ್ ತಗೊಂಡು ಹತ್ತಬೇಕು, ಗಾಡಿ ಹೊತ್ತಿಗೆ ಸರಿಯಾಗಿ ಯಲಹಂಕ ಸೇರಬೇಕು. ಇಲ್ದಿದ್ರೆ ಲೈನು ಬಂದ್."

ನಾನು ಮನೆ ಮನೆಗೆ ಹೋಗಿ ಕೈ ಮುಗಿದೆ. ಊರು ಅರಳಿಕಟ್ಟೆಯಲ್ಲಿ ಸೇರ್ತು. ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತಾರೆ. ಅವತ್ತು ಸತ್ತೇ ಹೋದಂಗೆ ಕಾಣ್ತು. ಎಲ್ಲರೂ ಟಿಕೆಟ್ ತಗೋತೀವಿ, ಯಾರೂ ಕೈ ಎತ್ತಲ್ಲ ಅಂತ ಮುನೇಶ್ವರನ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದ್ರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಭಾವನೋರು. ಆಗಲೇ ಅವರು ಬಸ್ಸಿನ ಪರ್ಮಿಟ್ಟಿಗೆ ಅರ್ಜಿ ಹಾಕಿ ಕೂತಿದ್ರು ಅನ್ನೋದು ಆಮೇಲೆ ಗೊತ್ತಾಯ್ತು.

ಸಾಹೇಬರು ಬರೋ ಹಿಂದಿನ ದಿನ ಒಂದೊಂದು ದೊಡ್ಡ ಮನೆಯಿಂದಲೂ ಒಬ್ಬೊಬ್ಬ ಆಳು ಬಂದ. ಒಂದು ಹಾರ ಬೇಕಂತೆ, ದಪ್ಪಗಿರಬೇಕಂತೆ, ಪಕ್ಕದ ಮನೆಯವರಿಗೆ ಹೇಳಬಾರದಂತೆ. ಎಲ್ಲರೂ ಟೇಷನ್ನಲ್ಲಿ ಹಾಕ್ತಾರೆ ಅಂತ ನಾನು ಹಿಗ್ಗಿದೆ. ಅರ್ಧ ತೋಟ ಕೊಯ್ದು ಬೆರಳು ಸೀಳೋವರೆಗೆ ಬಾಳೆನಾರಿನಲ್ಲಿ ಕಟ್ಟಿ ಕೊಟ್ಟೆ.

ಸಾಹೇಬರು ಸಂಜೆಯೇ ಬಂದು ಸ್ಕೂಲಲ್ಲಿ ಮಲಗಿದ್ದು, ಬೆಳಗ್ಗೆ ನಮ್ಮೂರಿಂದ ರೈಲು ಹತ್ತಿದ್ರು. ತೆಳ್ಳಗಿನ ಹುಡುಗ, ಟೋಪಿ ಒಂದೇ ದೊಡ್ಡದು. ಟೇಷನ್ ತುಂಬ ಜನ, ಎಲ್ಲರ ಕೈಯಲ್ಲೂ ಟಿಕೆಟ್. ಟಿಕೆಟ್ ಅನ್ನೋದು ಹೇಗಿರುತ್ತೆ ಅಂತ ಕೆಲವರು ಅವತ್ತೇ ನೋಡಿದ್ದು. ಸಾಹೇಬರು ತಲೆಯಾಡಿಸಿದ್ರು. ಆದ್ರೆ ಅಲ್ಲಿ ಒಂದು ಹಾರವೂ ಕಾಣಲಿಲ್ಲ. ಹಾರಗಳೆಲ್ಲ ಎಲ್ಲಿಗೆ ಹೋದ್ವಪ್ಪಾ ಅಂತ ಯೋಚಿಸೋದರೊಳಗೆ ರೈಲು ಹೊರಡ್ತು, ಹೊತ್ತಿಗೆ ಸರಿಯಾಗಿ.

ತಿರುವು ದಾಟಿದ್ರೆ ಬ್ಯಾಟರಾಯಪ್ಪನವರ ಮನೆ. ರುಮಾಲು ಸುತ್ತಿ, ಎರಡು ಕೈಯಲ್ಲೂ ನನ್ನ ಹಾರ ಹಿಡಿದು, ಓಲಗದವರನ್ನ ಬೇರೆ ಪಕ್ಕದಲ್ಲಿಟ್ಟುಕೊಂಡು ಮಹಾನುಭಾವರು ಹಳಿ ಮೇಲೇ ನಿಂತಿದ್ರು! ರಹಮತುಲ್ಲಾ ಸೀಟಿ ಹೊಡೆದ, ಹೊಡೆದ, ಕಡೆಗೆ ಬ್ರೇಕ್ ಹಾಕಿದ.

ನಾನು ಕಿಟಕಿಯಿಂದ, "ಅಯ್ಯೋ ಗೌಡ್ರೇ, ಆಣೆ ಮಾಡಿದ್ರಲ್ಲ!" ಅಂದೆ.

"ನಾನು ಕೈ ಎತ್ಲಿಲ್ಲ ಕಣಮ್ಮ. ಆಣೆಗೆ ತಪ್ಲಿಲ್ಲ," ಅಂದ್ರು ಮುದುಕರು. "ನಮ್ಮಪ್ಪ ನೆಲ ಕೊಟ್ಟವ್ನೆ. ಅತಿಥಿ ಬಾಗ್ಲ ಮುಂದೆ ಓಗ್ತಿದ್ರೆ ಇಂಗೇ ಬುಟ್ರೆ ನಾಕು ಜನ ಏನಂದಾರು?"

ಹಾರ ಬಿತ್ತು, ಆರತಿ ಆಯ್ತು, ಎಳನೀರು ಆಯ್ತು. ಓಲಗದ ಸದ್ದು ಮುಂದಿನ ಮನೆಗೆ ಕೇಳಿಸ್ತು. ಬ್ಯಾಟರಾಯಪ್ಪನ ಮನೆಗೆ ನಿಂತ ರೈಲು ನಮ್ಮನೆಗೆ ನಿಲ್ಲಲ್ವಾ? ಅಲ್ಲೂ ನಿಲ್ತು. ಅಲ್ಲಿ ಎಳನೀರಿನ ಜೊತೆ ಚಕ್ಕುಲಿ. ಅದರ ಮುಂದಿನ ಮನೆಯಲ್ಲಿ ಸಾಹೇಬರಿಗೆ ಶಾಲು. ಒಂದು ಮನೆಗಿಂತ ಇನ್ನೊಂದು ಮನೆ ಮೇಲು. ಕಡೆಗೆ ಭಾವನೋರ ಗದ್ದೆ ಹತ್ರ ಬಾಳೆಲೆ ಹಾಕಿ ಒಬ್ಬಟ್ಟು ಬಡಿಸಿದ್ರು. ಬೇಡ ಅಂದ್ರೆ ಬಿಟ್ಟಾರೆಯೇ? ತುಪ್ಪ ಇನ್ನೊಂದು ಮಿಳ್ಳೆ ಸುರಿದ್ರು. ನಾನು ಡಬ್ಬಿಯಲ್ಲಿ ಕೂತು ಬುಟ್ಟಿ ಮೇಲಿನ ಒದ್ದೆ ಬಟ್ಟೆ ಒಣಗೋದನ್ನ ನೋಡ್ತಿದ್ದೆ. ಅಳು ಬಂತು, ಸಿಟ್ಟೂ ಬಂತು. ಸಾಹೇಬರ ಕೊರಳಲ್ಲಿ ಇದ್ದದ್ದೆಲ್ಲ ನನ್ನ ಹೂವೇ ತಾನೇ?

ಯಲಹಂಕ ಸೇರಿದಾಗ ಬಿಸಿಲು ನೆತ್ತಿ ಮೇಲಿತ್ತು, ದೊಡ್ಡ ರೈಲು ಯಾವಾಗಲೋ ಹೋಗಿತ್ತು. ಹಾರಗಳ ರಾಶಿ ಮೇಲೆ ಸಾಹೇಬರ ಕಣ್ಣು ಮಾತ್ರ ಕಾಣ್ತಿತ್ತು. ಪಾಪ, ಒಳ್ಳೆ ಹುಡುಗ, ನನ್ನ ಹತ್ರ ಬಂದು ಕೇಳಿದ್ರು.

"ಈ ರೈಲು ನಿಮಗೆ ಬೇಕೇನಮ್ಮ?"

"ಬೇಕೇ ಬೇಕು ಸ್ವಾಮಿ."

"ಯಾಕೆ?"

"ಹೊತ್ತಿಗೆ ಸರಿಯಾಗಿ ಮಾರ್ಕೆಟ್ಟಿಗೆ ಹೋಗೋಕೆ."

ಅವರು ಕೈಗಡಿಯಾರ ನೋಡಿಕೊಂಡು ಹೊರಟುಹೋದ್ರು.

ಲೈನು ಬಂದ್ ಆಯ್ತು. ಕಡೇ ದಿನ ರಹಮತುಲ್ಲಾ ನನ್ನ ತೋಟದ ಮುಂದೆ ತಾನಾಗೇ ಗಾಡಿ ನಿಲ್ಲಿಸಿ, "ಬುಟ್ಟಿ ಕೊಡಕ್ಕ," ಅಂದ. ನೆಲ ಕೊಡದ ನಾನು ಒಂದು ದಿನವೂ ಕೈ ಎತ್ತಿದವಳಲ್ಲ. ಸೆರಗು ಬಾಯಿಗಿಟ್ಟುಕೊಂಡು ಅತ್ತೆ ಕಣ್ರೀ, ನಾಚಿಕೆಯೇನು.

ಹಳಿ ಕಿತ್ತುಕೊಂಡು ಹೋದ್ರು. ಭಾವನೋರ ಬಸ್ಸು ಬಂತು. ಹೂವಿನ ಬುಟ್ಟಿ ಹತ್ತಿಸಬೇಡ ಅಂತ ಕಂಡಕ್ಟರಿಗೆ ಕಟ್ಟಪ್ಪಣೆ. ಆಗಲಿ ಅಂತ ಬುಟ್ಟಿ ತಲೆ ಮೇಲಿಟ್ಟು ಹಳಿ ಇದ್ದ ಜಾಗದಲ್ಲೇ ನಡೆದೆ. ಬಸ್ಸು ಕೆರೆ ಸುತ್ತಿ ಹೋಗ್ಬೇಕು, ಹಳಿ ದಾರಿ ಹತ್ರದ್ದು, ಆ ದಿಬ್ಬ ಒಂದು ಬಿಟ್ರೆ ಸಮ. ಕೋಳಿ ಕೂಗೋ ಮುಂಚೆ ಹೊರಟ್ರೆ ದೊಡ್ಡ ರೈಲು ಸಿಕ್ಕೇ ಸಿಗೋದು.

ಅಷ್ಟರಲ್ಲಿ ನೆಲ ವಾಪಸ್ಸಾಯ್ತು. ಒಂದು ಗಾಡಿ ಅಗಲದ ನೆಲ, ಅದರಲ್ಲಿ ರಾಗಿ ಬೆಳೀತಾರಾ, ತಲೆ ಬೆಳೀತಾರಾ? ಆದ್ರೂ ಒಂದೊಂದು ಮನೆಯವರೂ ತಮ್ಮ ತಮ್ಮ ತುಂಡಿಗೆ ಅಡ್ಡಡ್ಡ ಜಾಲಿಮುಳ್ಳಿನ ಬೇಲಿ ಜಡಿದ್ರು. ದಾರಿ ಮುಚ್ಚಿಹೋಯ್ತು. ಭಾವನೋರು ನಗ್ತಾ ನಗ್ತಾ ನಮ್ಮ ಜಗುಲಿಗೆ ಬಂದು, "ವ್ಯಾಪಾರ ನಿಂತಂಗಾಯ್ತಲ್ಲ ಲಕ್ಕಣ್ಣ? ಊರಬ್ಬ ಕಳೀಲಿ, ಪತ್ರ ಮಾಡ್ಸಾಣ," ಅಂದ್ರು. ನಾನು ಅವರ ಎದುರಿಗೆ ಬರೋ ಹಾಗಿಲ್ಲ, ಬಾಗಿಲ ಹಿಂದೆ ನಿಂತು ಹಲ್ಲು ಕಡಿದೆ.

ಅವತ್ತು ಒಲೆ ಮುಂದೆ ಕೂತು ಯೋಚಿಸಿದೆ. ರೈಲು ನಿಲ್ಲಿಸಿದ್ದು ಯಾವುದು? ಹಾರ. ಮುಳ್ಳನ್ನ ಮುಳ್ಳಿಂದಾನೇ ತೆಗೀಬೇಕು.

ತೊಡೆ ದಪ್ಪದ ಹಾರ ಕಟ್ಟಿ ಯಜಮಾನರ ಕೈಗೆ ಕೊಟ್ಟು, ಒಂದು ಮಾತು ಬಾಯಿಪಾಠ ಮಾಡಿಸಿ ಅರಳಿಕಟ್ಟೆಗೆ ಅಟ್ಟಿದೆ. ಅವರು ತುಂಬಿದ ಕಟ್ಟೆಯಲ್ಲಿ ಬ್ಯಾಟರಾಯಪ್ಪನವರ ಕೊರಳಿಗೆ ಹಾರ ಹಾಕಿ, "ಊರಿಗೆ ದಾರಿ ಬುಟ್ಟ ದೊಡ್ಡ ಮನೆಯೋರು ನೀವು," ಅಂದ್ರಂತೆ.

"ಯಾವ ದಾರಿನೋ?"

"ಬುಡ್ತೀರಲ್ಲ, ಅದೇ ದಾರಿ," ಅಂದ್ರಂತೆ ನಮ್ಮ ಪುಣ್ಯಾತ್ಮರು. ಜೀವಮಾನದಲ್ಲಿ ಒಂದು ಸಲ ಸಮಯಕ್ಕೆ ಸರಿಯಾಗಿ ಬಾಯಿ ಬಿಟ್ರು!

ಕೊರಳಿಗೆ ಬಿದ್ದ ಹಾರ ತೆಗೆದುಕೊಡೋಕಾಗುತ್ತಾ? ಮುದುಕರು ಸಂಜೆಗೆ ನಿಂತು ಬೇಲಿ ಕೀಳಿಸಿದ್ರು. ಮಾರನೇ ದಿನ ಪಕ್ಕದ ಮನೆಯ ಆಳು ಬಂದು, ತನ್ನ ಧಣಿಗೆ ಯಾಕೆ ಹಾರ ಇಲ್ಲ ಅಂತ ಕೇಳಿದ. ಬೇಲಿ ಇದೆಯಲ್ಲಪ್ಪ ಅಂದೆ. ಮಧ್ಯಾಹ್ನಕ್ಕೆ ಬೇಲಿ ಇರ್ಲಿಲ್ಲ. ಆಮೇಲೆ ನಾನು ಕೇಳೋದೇ ಬೇಕಾಗಲಿಲ್ಲ, ಊರಲ್ಲಿ ಮುಳ್ಳು ಕೀಳೋದಕ್ಕೆ ಕೂಲಿಯವರು ಸಿಗದಂಗಾಯ್ತು.

ಉಳಿದದ್ದು ಭಾವನೋರ ಬೇಲಿ ಒಂದೇ. ಕಟ್ಟೆಯಲ್ಲಿ ಜನ ಅವರ ಬರೀ ಕೊರಳು ನೋಡಿ ನಗೋಕೆ ಶುರು ಮಾಡಿದ್ರು. ನಾಲ್ಕು ದಿನ ತಡೆದ್ರು. ಆಮೇಲೆ ನಮ್ಮ ಜಗುಲಿಗೆ ಬಂದ್ರು, ಹಿಂದೆ ಊರಿನವರೂ ಬಂದ್ರು.

"ನಂದೆಲ್ಲೋ ಆರ, ಲಕ್ಕಣ್ಣ?"

ಯಜಮಾನ್ರು ಬಾಯಿ ಬಿಡೋ ಮುಂಚೆ ನಾನೇ ಬಾಗಿಲ ಹಿಂದಿನಿಂದ ಎಲ್ಲರಿಗೂ ಕೇಳೋ ಹಾಗೆ ಹೇಳಿದೆ. "ಭಾವನೋರಿಗೆ ಹೇಳಿ. ಹೂವಿನ ವ್ಯಾಪಾರ ನಿಂತಿಲ್ಲ, ತೋಟ ತಮ್ಮನದೇ ಅಂತ ಈ ಹತ್ತು ಜನರ ಮುಂದೆ ಹೂಂ ಅಂದು ಬೇಲಿ ತೆಗೆಸಿದ್ರೆ, ಎಲ್ಲರಿಗಿಂತ ದೊಡ್ಡ ಹಾರ ಅವರದೇ."

ಭಾವನೋರು ಬಾಗಿಲ ಕಡೆ ತಿರುಗಿದ್ರು.

"ಎಲ್ಲಾರಿಗಿಂತ ದೊಡ್ದಾ?" ಅಂದ್ರು.

"ಬ್ಯಾಟರಾಯಪ್ಪನವರದಕ್ಕಿಂತ ಒಂದು ಗೇಣು ಜಾಸ್ತಿ."

"ಹೂಂ," ಅಂದ್ರು ಭಾವನೋರು.

ಮಾರನೇ ಬೆಳಗ್ಗೆ ಬುಟ್ಟಿ ಹೊತ್ತು ಹಳಿ ದಾರಿ ಹಿಡಿದೆ. ಬ್ಯಾಟರಾಯಪ್ಪನವರು ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ರು. ನನ್ನ ಕಂಡಿದ್ದೇ ಕೈ ಎತ್ತಿದ್ರು. ನಾನು ನಿಂತೆ.

"ಆ ಕಡೆ ಮಳೆ ಬಂತೇನವ್ವ?"

"ನಾನಿನ್ನೂ ಆ ಕಡೆಗೆ ಹೋಗ್ಬೇಕು ಗೌಡ್ರೇ," ಅಂದೆ. "ಬರ್ತಾ ಹೇಳ್ತೀನಿ."