ರಾಕೆಟ್ಟಿಗೂ ಕುಂಕುಮ

ಆಯುಧಪೂಜೆಯ ಬೆಳಿಗ್ಗೆ ನಮ್ಮಮ್ಮ ಪ್ರಫುಲ್ಲಾ ಸ್ಕೂಟರ್ ತೊಳೆದಳು, ಕತ್ತಿ ತೊಳೆದಳು, ಹುಲ್ಲು ಕತ್ತರಿಸುವ ಮೆಷಿನ್ ತೊಳೆದಳು. ಅದೇ ಹುಮ್ಮಸ್ಸಿನಲ್ಲಿ ಅಪ್ಪನ ರಾಕೆಟ್ಟನ್ನೂ ನಳ್ಳಿಯಡಿ ಹಿಡಿದು ಚೆನ್ನಾಗಿ ತೊಳೆದು ಬಿಸಿಲಿಗಿಟ್ಟಳು. ನಾನು ಎದ್ದು ಬರುವಷ್ಟರಲ್ಲಿ ಅದಕ್ಕೆ ಕುಂಕುಮ ಹಚ್ಚಿ, ಮೂತಿಗೊಂದು ಸೇವಂತಿಗೆ ಸಿಕ್ಕಿಸಿಯೂ ಆಗಿತ್ತು.

ರಾಕೆಟ್ ಎಂದರೆ ಮೊಳದುದ್ದದ್ದು. ಹಳೆಯ ಕ್ಯಾಲೆಂಡರುಗಳನ್ನು ಮೈದಾ ಅಂಟು ಹಚ್ಚಿ ಪೈಪಿನ ಮೇಲೆ ಸುತ್ತಿ ಮಾಡಿದ ಕೊಳವೆ, ಥರ್ಮೊಕೋಲ್ ಉಜ್ಜಿ ಮಾಡಿದ ಮೂತಿ, ಬೇಕರಿಯ ಪ್ಲಾಸ್ಟಿಕ್ ತೊಟ್ಟೆಯಿಂದ ಕತ್ತರಿಸಿದ ಪ್ಯಾರಾಶೂಟ್. ಬಾಲದ ಮೂರು ರೆಕ್ಕೆಗಳು ಮಾತ್ರ ಅಡಿಕೆ ಹಾಳೆಯವು. ಕೊಳವೆಗೆ ಪೈಂಟ್ ಇದ್ದುದರಿಂದ ಬದುಕಿತು. ಹಾಳೆ ನೀರು ಕುಡಿದು ಬಿಸಿಲು ಕಂಡರೆ ಏನಾಗುತ್ತದೆಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಮೂರೂ ರೆಕ್ಕೆಗಳು ಕಾದ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುರುಟಿಕೊಂಡಿದ್ದವು.

ಇದನ್ನು ನೋಡಿ ನಗುವವರು ನಗಲಿ. ನನಗೆ ಅಳು ಬಂತು.

ಅಪ್ಪ ಭೋಜ ಶೆಟ್ಟರು ಕುವೈತಿನಲ್ಲಿ ಎಸಿಯ ಗಾಳಿಕೊಳವೆ ಮಾಡುತ್ತಿದ್ದವರು. ತಗಡಿನ ಮೇಲೆ ಗೆರೆ ಎಳೆಯದೆ ನೇರ ಕತ್ತರಿಸುವ ಕೈ ತಮ್ಮದೆಂದು ಊರಿಗೆ ಬಂದಾಗಲೆಲ್ಲ ಹೇಳುತ್ತಿದ್ದರು. ಕೆಲಸ ಬಿಟ್ಟು ಬಂದ ಮೇಲೆ ಸ್ಟ್ರೋಕ್ ಆಯಿತು. ಕಾಲು ಸರಿಹೋಯಿತು, ಮಾತು ಸರಿಹೋಯಿತು, ಬಲಗೈ ಮಾತ್ರ ಮುನಿಸಿಕೊಂಡು ಕುಳಿತಿತು. ಬೆರಳು ಆಡುತ್ತವೆ, ಆದರೆ ಭುಜಕ್ಕಿಂತ ಮೇಲೆ ತೋಳು ಏಳುವುದಿಲ್ಲ. ಈ ವರ್ಷದೊಳಗೆ ಬಳಸಿ ಬಳಸಿ ತಿರುಗಿ ಪಡೆಯಬೇಕು, ಬಿಟ್ಟರೆ ಹೋದದ್ದು ಹೋದ ಹಾಗೆಯೇ ಎಂದರು ಡಾಕ್ಟರು. ಅಪ್ಪ ಅದನ್ನು ಬೈರಾಸಿನಡಿ ಮುಚ್ಚಿಟ್ಟರು. ಯಾರಾದರೂ ಮನೆಗೆ ಬಂದರೆ ಮೊದಲು ಆ ಟವೆಲನ್ನು ಕೈಮೇಲೆ ಎಳೆದುಕೊಂಡು ಆಮೇಲೆ ಮಾತಾಡಿಸುತ್ತಿದ್ದರು. ಬೆರಳಿಗೆ ಕೆಲಸವಾಗಲಿ ಎಂದು ಅಮ್ಮ ಅಲಸಂಡೆ ಬಿಡಿಸಲು ಕೊಟ್ಟರೆ, ತಟ್ಟೆಯನ್ನೇ ದೂಡಿದರು.

ಆಮೇಲೆ ಒಂದು ದಿನ ನನ್ನ ಮೊಬೈಲಿನಲ್ಲಿ ರಾಕೆಟ್ ಹಾರುವುದನ್ನು ನೋಡಿದರು. ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವಳು. ನಮ್ಮ ವಿಜ್ಞಾನ ಸಂಘದವರು ತರಿಸಿದ್ದ, ಮದ್ದು ತುಂಬಿದ ರೆಡಿಮೇಡ್ ರಾಕೆಟ್ ಮೋಟರುಗಳಲ್ಲಿ ಒಂದು ಉಳಿದಿತ್ತು. "ಒಂದು ಮಾಡುವನಾ, ತೃಪ್ತಿ?" ಎಂದು ಅಪ್ಪ ಕೇಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಆದರೆ ಮಾಡಿದ್ದೇನು? ಅಪ್ಪ ಎಡಗೈಯಲ್ಲಿ ಗುರುತು ಹಾಕುವುದು, ನಾನು ಕತ್ತರಿಸುವುದು. ಬಲಗೈ ಕಾಗದ ಹಾರದ ಹಾಗೆ ಮೇಲಿಟ್ಟ ಕಲ್ಲಿನಂತೆ ಬಿದ್ದಿರುತ್ತಿತ್ತು.

ಆ ಬೆಳಿಗ್ಗೆ ರೆಕ್ಕೆ ನೋಡಿ ಅಪ್ಪನಿಗೆ ಸಿಟ್ಟು ನೆತ್ತಿಗೇರಿತು.

"ಈ ಮನೆಯಲ್ಲಿ ನೀನು ಕುಂಕುಮ ಹಚ್ಚದ ಸಾಮಾನು ಒಂದಾದ್ರೂ ಉಂಟಾ ಮಾರಾಯ್ತಿ?"

"ಕೆಲಸ ಮಾಡುವ ಸಾಮಾನಿಗೆಲ್ಲ ಹಚ್ಚಿದ್ದೇನೆ," ಎಂದಳು ಅಮ್ಮ. "ಕೆಲಸ ಮಾಡದ್ದಕ್ಕೆ ಹಚ್ಚಲಿಲ್ಲ."

ಅವಳು ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಅಪ್ಪ ಬೈರಾಸು ಎಳೆದುಕೊಂಡರು. ಅಮ್ಮನ ಮುಖ ಸಣ್ಣದಾಯಿತು. ಅಪ್ಪ ನನ್ನ ಕಡೆ ತಿರುಗಿ, "ಬೇರೆ ಹಾಳೆ ತಾ. ಕತ್ತರಿಸಿ ಕೊಡು," ಎಂದರು.

ನನ್ನದು ಮೊದಲೇ ಮೂಗಿನ ತುದಿಯ ಕೋಪ. "ನಾನು ಕತ್ತರಿಸುವುದಿಲ್ಲ," ಎಂದೆ. "ಆ ಕೈಯನ್ನೇನು ಮ್ಯೂಸಿಯಮ್ಮಿನಲ್ಲಿ ಇಡ್ಲಿಕ್ಕೆ ಉಂಟಾ? ನೀವೇ ಕತ್ತರಿಸಿ. ಇಲ್ಲದಿದ್ದರೆ ರಾಕೆಟ್ಟೂ ಬೇಡ, ಎಂತದೂ ಬೇಡ."

ಹೇಳಿ ಒಳಗೆ ಹೋದೆ. ಅಪ್ಪನಿಗೆ ಅಷ್ಟು ಜೋರಾಗಿ ಎಂದೂ ಎದುರಾಡಿದವಳಲ್ಲ. ಇನ್ನು ಅವರು ಆ ಕೊಳವೆಯನ್ನು ಅಟ್ಟಕ್ಕೆ ಎಸೆದು ಕೈಯನ್ನೂ ಕೈಬಿಡುತ್ತಾರೆ ಎಂದೇ ಹೆದರಿದೆ. ಅಷ್ಟರಲ್ಲಿ ಜಗಲಿಯಲ್ಲಿ ಕಬ್ಬಿಣದ ಸದ್ದು ಕೇಳಿಸಿತು. ಇಣುಕಿದರೆ ಅಪ್ಪ ಪೂಜೆಗಿಟ್ಟಿದ್ದ ತಮ್ಮ ಕುವೈತಿನ ತಗಡು ಕತ್ತರಿಯನ್ನು ಬಲಗೈಯಲ್ಲಿ ಎತ್ತಿಕೊಂಡಿದ್ದರು. ಹಿಡಿಯಲ್ಲಿ ಅಮ್ಮ ಹಚ್ಚಿದ ಕುಂಕುಮ ಹಾಗೆಯೇ ಇತ್ತು.

ಕತ್ತರಿ ಜಾರಿ ಬಿತ್ತು, ಎತ್ತಿಕೊಂಡರು. ಮತ್ತೆ ಬಿತ್ತು. ನನಗೂ ಕತ್ತರಿಗೂ ಯಾವ ಯಾವುದೋ ಭಾಷೆಯಲ್ಲಿ ಬೈದರು. ನಾನು ಹೋಗಬೇಕೆಂದು ಎದ್ದರೆ ಅಮ್ಮ ನನ್ನ ರಟ್ಟೆ ಹಿಡಿದು ಕೂರಿಸಿದಳು. ಮಧ್ಯಾಹ್ನದ ಊಟ ಆರಿ ತಣ್ಣಗಾದ ಮೇಲೆ ಅಪ್ಪ ಬೆವರು ಒರೆಸಿಕೊಳ್ಳುತ್ತ ಮೂರು ರೆಕ್ಕೆ ಮುಂದಿಟ್ಟರು. ಎರಡು ಪರವಾಗಿಲ್ಲ. ಮೂರನೆಯದರ ಅಂಚು ಹಲ್ಲಿನಲ್ಲಿ ಕಚ್ಚಿದಂತಿತ್ತು.

"ಇದು ಸೊಟ್ಟ," ಎಂದರು ಅಪ್ಪ.

"ಇರಲಿ ಅಪ್ಪ, ಹಾರ್ತದೆ," ಎಂದೆ. ಹಾರುತ್ತದೆಂಬ ಖಾತ್ರಿ ನನಗಿರಲಿಲ್ಲ.

ಮರುದಿನ ವಿಜಯದಶಮಿ. ಸಂಜೆ ವೇಣೂರಿನಾಚೆ ಮರವಿಲ್ಲದ ಪದವಿಗೆ, ಮುರಕಲ್ಲಿನ ಬಯಲಿಗೆ ಹೋದೆವು. ಅಮ್ಮ ಕುಂಕುಮದ ಭರಣಿ ಹಿಡಿದೇ ಬಂದಿದ್ದಳು. ಈ ಸಲ ನೀರು ಮುಟ್ಟಿಸದೆ, ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಮಾತ್ರ ಇಟ್ಟಳು. ನಾನು ಮೋಟರು ತುಂಬಿ, ನೆಟ್ಟ ಸರಳಿಗೆ ರಾಕೆಟ್ ಏರಿಸಿ, ವಯರ್ ಎಳೆದು, ಇಬ್ಬರನ್ನೂ ದೂರ ನಿಲ್ಲಿಸಿದೆ. ಇದ್ದದ್ದು ಒಂದೇ ಮೋಟರು. ನೆಲಕಚ್ಚಿದರೆ ಅಪ್ಪ ಸೊಟ್ಟ ರೆಕ್ಕೆಯನ್ನು ದೂರುವುದಿಲ್ಲ, ತಮ್ಮ ಕೈಯನ್ನು ದೂರುತ್ತಾರೆ. ಆಮೇಲೆ ಬೈರಾಸು ತೆಗೆಸುವವರು ಯಾರು?

ಅಪ್ಪ ಎಡಗೈಯಲ್ಲಿ ಸ್ವಿಚ್ ಒತ್ತಿದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬುಸ್ಸೆಂದು ಎದ್ದಿತು ನೋಡಿ! ಸೊಟ್ಟ ರೆಕ್ಕೆಯ ದೆಸೆಯಿಂದ ಗಿರಗಿರ ತಿರುಗುತ್ತ, ತಿರುಗಿದ್ದರಿಂದಲೇ ಆಚೀಚೆ ವಾಲದೆ, ನೆಟ್ಟಗೆ ಹೋಯಿತು. ಬಿಸಿಲಿನಲ್ಲಿ ಕರಗಿ ಕಾಣದಾಯಿತು. ನಾನು ಹುಡುಕುತ್ತಿದ್ದಾಗ ಮೇಲೆಲ್ಲೋ ಪಟ್ಟೆಂದಿತು.

"ಅಗಾ, ಅಲ್ಲಿ! ತೊಟ್ಟೆ ಬಿಚ್ಚಿತು! ಅಲ್ಲಿ ನೋಡಿ ಮಾರಾಯ್ರೆ!"

ಅಪ್ಪ ಕೂಗುತ್ತ ತೋರಿಸುತ್ತಿದ್ದರು. ಎಡಗೈಯಲ್ಲಿ ಸ್ವಿಚ್ಚಿತ್ತು. ತೋರಿಸುತ್ತಿದ್ದದ್ದು ಬಲಗೈ, ಕಿವಿಯನ್ನು ದಾಟಿ ಮೇಲೆ. ಬೈರಾಸು ಕಾಲ ಬುಡದಲ್ಲಿ ಬಿದ್ದಿತ್ತು. ಪ್ಯಾರಾಶೂಟ್ ಹೇಗೆ ಇಳಿಯಿತೋ ನಾನು ನೋಡಲೇ ಇಲ್ಲ.

"ಇವರೇ, ಕೈ! ನಿಮ್ಮ ಕೈ!" ಎಂದಳು ಅಮ್ಮ.

ಅಪ್ಪ ಕೈಯನ್ನು ಬೇರೆಯವರದೆಂಬಂತೆ ನೋಡಿದರು. ಅದು ಕೂಡಲೇ ಕೆಳಗೆ ಬಿತ್ತು. ಹಲ್ಲು ಕಚ್ಚಿ ಮತ್ತೆ ಎತ್ತಿದರು. ನಡುಗುತ್ತ ಭುಜದವರೆಗೆ ಬಂತು, ನಿಂತಿತು, ಆಮೇಲೆ ಕಿವಿಯವರೆಗೂ ಬಂತು. ನಾನು ಜೋರಾಗಿ ಅತ್ತೆ, ಯಾಕೆ ಸುಳ್ಳು ಹೇಳಲಿ.

ಅಮ್ಮ ಭರಣಿಯ ಮುಚ್ಚಳ ತೆಗೆದು, ಆ ಕೈಯನ್ನು ಹಿಡಿದು, ಮುಂಗೈಗೆ ದೊಡ್ಡದೊಂದು ಕುಂಕುಮ ಹಚ್ಚಿದಳು. ಅಪ್ಪ ಕೈ ಹಿಂದೆಳೆದುಕೊಳ್ಳಲಿಲ್ಲ.