ಕಣಿವೆ ದಾಟಿದ ಬಸವನಹುಳು

ನಮ್ಮೂರಿನ ಬಸವನಹುಳು ಒಮ್ಮೆ ಕುದುರೆಯೊಡನೆ ಓಟದ ಪಂದ್ಯ ಕಟ್ಟಿ ಗೆದ್ದಿದೆ. ನಗಬೇಡಿ. ಗೆದ್ದದ್ದಷ್ಟೇ ಅಲ್ಲ, ಗುರಿ ಮುಟ್ಟಿದ ಮೇಲೆ ಕೊಂಬು ತಿರುಗಿಸಿ ಹಿಂದೆ ನೋಡಿ, ಕುದುರೆ ಇನ್ನೂ ಬರಲಿಲ್ಲವಲ್ಲ ಎಂದು ಬೇಸರಪಟ್ಟು ಚಿಪ್ಪಿನೊಳಗೆ ಹೋಗಿ ಒಂದು ನಿದ್ದೆಯನ್ನೂ ತೆಗೆಯಿತು. ಕುದುರೆ ನನ್ನದೇ. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಇಡೀ ಕ್ರೀಟ್ ದ್ವೀಪದಲ್ಲಿ ಬಸವನಹುಳುವಿನ ವಿಷಯ ಬಲ್ಲವನೆಂದರೆ ಈ ಮಾನೂಸೊಸ್ ಒಬ್ಬನೇ. ಮೊದಲ ಮಳೆ ಬಿದ್ದ ಬೆಳಿಗ್ಗೆ ನಾನು ಬುಟ್ಟಿ ಹಿಡಿದು ಗುಡ್ಡಕ್ಕೆ ಹೋದರೆ ಸಾಕು, ಅವು ತಾವಾಗಿಯೇ ಬಂದು ಸಾಲುಗಟ್ಟಿ ನಿಲ್ಲುತ್ತವೆ. ನನ್ನ ಹೆಂಡತಿ ಎವಾಂಥಿಯಾ ಅವನ್ನು ಬಾಣಲೆಯ ಉಪ್ಪಿನ ಮೇಲೆ ಬೋರಲು ಹಾಕಿ, ಆಲಿವ್ ಎಣ್ಣೆ ಸುರಿದು, ವಿನೆಗರ್ ಚಿಮುಕಿಸಿ, ರೋಸ್‌ಮೇರಿ ಎಲೆ ಉದುರಿಸಿದಳೆಂದರೆ ಆ ಘಮಕ್ಕೆ ಕಡಲಲ್ಲಿ ಹೋಗುವ ಹಡಗುಗಳು ದಿಕ್ಕು ತಪ್ಪಿದ್ದುಂಟು.

ಇಂಥ ಊರಿಗೆ ರೊದಾಂತಿ ಬಂದಳು. ಬೆಳೆ ತಿನ್ನುವ ಮಣ್ಣಿನ ಹುಳುಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ. ಮುಚ್ಚಿಹೋದ ಶಾಲೆಯ ಕೋಣೆಯಲ್ಲಿ ವಾಸ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಒಂದು ತುತ್ತು ಕಡಿಮೆ ತಿಂದರೆ ಎವಾಂಥಿಯಾ ಅದನ್ನು ತನ್ನ ಕೈರುಚಿಗೆ ಆದ ಅವಮಾನವೆಂದೇ ತಿಳಿಯುತ್ತಿದ್ದಳು.

ಬಂದವಳೇ ಅರ್ಧ ಕತ್ತರಿಸಿದ ಆಲೂಗಡ್ಡೆಗಳನ್ನು ಕಡ್ಡಿಗೆ ಚುಚ್ಚಿ ಹೊಲದಲ್ಲಿ ಹೂಳಿದಳು. ಕೆಲವು ದಿನ ಬಿಟ್ಟು ಕಿತ್ತರೆ ಗೆಡ್ಡೆ ಕೊರೆಯುವ ತಂತಿಹುಳುಗಳೆಲ್ಲ ಅದಕ್ಕೇ ಕಚ್ಚಿಕೊಂಡು ಮೇಲೆ ಬಂದವು. ನೆಲಕ್ಕೆ ಕಿವಿಯಿಟ್ಟರೆ ತಂತಿಹುಳು ಅಗಿಯುವ ಸದ್ದು ನನಗೆ ಮೊದಲಿನಿಂದಲೂ ಕೇಳಿಸುತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇರಲಿ. ಆಲೂಗಡ್ಡೆಯ ಮಟ್ಟಿಗೆ ಊರು ಅವಳ ಮಾತು ಒಪ್ಪಿತು. ತಕರಾರು ಎದ್ದದ್ದು ಎಲೆಕೋಸು ತಿನ್ನುವ ಬಸವನಹುಳುವಿನ ವಿಷಯದಲ್ಲಿ.

ರೈತರ ಸಂಘದ ಅಧ್ಯಕ್ಷ ಅರಿಸ್ತಿದಿಸ್‌ಗೆ ಎಲ್ಲ ಹೊಲಗಳಿಗೂ ನೀಲಿ ಬಣ್ಣದ ವಿಷದ ಕಾಳು ಚೆಲ್ಲಬೇಕೆಂಬ ಹಟ. ಚೆಲ್ಲಿದರೆ ಕೋಸು ಉಳಿಯುತ್ತದೆ, ಆದರೆ ಆ ಹೊಲಗಳ ಸುತ್ತ ಆರಿಸಿದ ಬಸವನಹುಳುವನ್ನು ಮತ್ತೆ ಯಾರೂ ಬಾಯಿಗೆ ಇಡುವಂತಿಲ್ಲ. ರೊದಾಂತಿ ಬೇರೆ ದಾರಿ ಹುಡುಕುತ್ತಿದ್ದಳು.

“ನೋಡಿ ಮಾಮ,” ಎಂದಳು ಒಂದು ದಿನ, ಹೊಲದ ಅಂಚಿನ ಕಲ್ಲುಗೋಡೆಯ ಬಳಿ ಕುಕ್ಕರಗಾಲಲ್ಲಿ ಕೂತು. “ಇವು ಈ ಗೋಡೆಯಿಂದ್ಲೇ ಬರ್ತಾವೋ, ದೂರದಿಂದ ಬರ್ತಾವೋ, ಅದು ಗೊತ್ತಾಗ್ಬೇಕು. ಗೋಡೆಯಿಂದ್ಲೇ ಅಂದ್ರೆ ಗೋಡೆ ಪಕ್ಕ ಒದ್ದೆ ಹಲಗೆ ಹಾಸಿದ್ರೆ ಸಾಕು. ಹಗಲೆಲ್ಲ ಹಲಗೆ ಕೆಳಗೆ ಮಲಗ್ತಾವೆ, ಎತ್ತಿ ಆರಿಸ್ಕೊಳ್ಳೋದು. ವಿಷ ಬೇಕಾಗಲ್ಲ.”

“ದೂರದಿಂದ ಬಂದ್ರೆ?”

“ಆಗ ನನ್ನ ಹಲಗೆ ನೀರಲ್ಲಿ ಹೋಮ ಮಾಡ್ದಂಗೆ. ಅರಿಸ್ತಿದಿಸ್ ಮಾಮ ಹೇಳಿದ್ದೇ ಸರಿ ಅಂತಾಗುತ್ತೆ. ನಾನು ಗಂಟುಮೂಟೆ ಕಟ್ಟೋದೇ.”

ಹೀಗೆಂದು ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಗೋಡೆಯ ಸಂದಿನಲ್ಲಿದ್ದ ಒಂದೊಂದು ಹುಳುವಿನ ಬೆನ್ನಿಗೂ ಚುಕ್ಕೆ ಇಟ್ಟಳು. ಕುಂಕುಮ ಇಟ್ಟ ಮುತ್ತೈದೆಯರ ಮೆರವಣಿಗೆಯ ಹಾಗೆ ಕಾಣುತ್ತಿದ್ದವು. ಗೋಡೆಯ ಪಕ್ಕ ಹಲಗೆ ಹಾಸಿ ಮಳೆಗಾಗಿ ಕಾಯತೊಡಗಿದಳು.

ಮಳೆ ಬಿತ್ತು. ಎಂಥ ಮಳೆ! ಮೀನುಗಳು ಕಡಲು ಬಿಟ್ಟು ನಮ್ಮ ಚಾವಡಿಗೆ ಬಂದು ಆಶ್ರಯ ಕೇಳಿದವು. ಮಳೆ ನಿಂತ ಮೇಲೆ ರೊದಾಂತಿ ಹೋಗಿ ಹಲಗೆ ಎತ್ತಿ ನೋಡುತ್ತಾಳೆ, ಕೆಂಪು ಚುಕ್ಕೆಯದು ಒಂದೂ ಇಲ್ಲ. ಆಮೇಲೆ ಒಂದು ಚರ್ಚಿನ ಬಾಗಿಲ ಮೇಲೆ ಸಿಕ್ಕಿತು. ಮತ್ತೊಂದು ಕಾಫಿಯಂಗಡಿಯ ಗೋಡೆಯ ಮೇಲೆ. ಮೂರನೆಯದು, ಕೇಳಿ, ಕಣಿವೆಯಾಚೆಯ ಕೆಳಗಿನೂರಿನಲ್ಲಿ, ನನ್ನ ನಾದಿನಿಯ ಅಂಗಳದಲ್ಲಿ!

“ಬಸವನಹುಳು ಕಣಿವೆ ದಾಟೋದುಂಟಾ ಮಾಮ?” ರೊದಾಂತಿ ಊಟದ ತಟ್ಟೆ ಮುಟ್ಟದೆ ಕೂತಿದ್ದಳು.

ಆ ಹುಡುಗಿಯ ಮೋರೆ ಸಪ್ಪಗಾದರೆ ನನಗೆ ತಡೆಯಲಾಗದು. “ದಾಟೋದೇನು, ನಾನೇ ಕಣ್ಣಾರೆ ಕಂಡಿದೀನಿ!” ಎಂದೆ. “ಕಾಡುಮೇಕೆ ಹಾರ್ದಂಗೆ ಬಂಡೆಯಿಂದ ಬಂಡೆಗೆ ಹಾರ್ಕೊಂಡು ಹೋಯ್ತು. ಕರೆದೆ, ತಿರುಗಿ ಸಹ ನೋಡ್ಲಿಲ್ಲ. ಇಂಥ ಹುಳು ಲೋಕದಲ್ಲಿ ಎಲ್ಲೂ ಇಲ್ಲ ಕಣಮ್ಮ, ನಿನ್ನ ಹೆಸರು ಪೇಪರಲ್ಲಿ ಬರುತ್ತೆ ನೋಡ್ತಿರು!”

ಎವಾಂಥಿಯಾ ಒಲೆಯ ಕಡೆಯಿಂದ ಸೌಟು ಹಿಡಿದೇ ತಿರುಗಿದಳು. ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ನನಗೆ ಭಯ.

ರೊದಾಂತಿ ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ಕಣ್ಣೊರೆಸಿಕೊಂಡಳು. “ಹಾಗಾದ್ರೆ ಮುಗೀತು ಮಾಮ,” ಎಂದಳು.

ಭಾನುವಾರ ಪೂಜೆ ಮುಗಿಸಿ ಇಡೀ ಊರು ಕಾಫಿಯಂಗಡಿಯಲ್ಲಿ ಸೇರಿತು. ಅರಿಸ್ತಿದಿಸ್ ಮೀಸೆ ತಿರುವಿಕೊಂಡು ಎದ್ದು ನಿಂತ.

“ಈ ಹುಡುಗಿ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಕೇಳ್ರಪ್ಪ, ಹುಳ ಕಣಿವೆ ದಾಟಿ ಓಡಾಡ್ತಾವೆ ಅಂತ ಮಾನೂಸೊಸ್ಸೇ ಕಣ್ಣಾರೆ ಕಂಡಿದಾನೆ. ಓಡೋ ಹುಳಕ್ಕೆ ಹಲಗೆ ಹಾಸ್ತೀರಾ? ನೀಲಿ ಕಾಳೇ ಗತಿ.”

“ಮಾನೂಸೊಸ್ ಕಂಡಿದ್ದು ಅಂದ್ರೆ ಅರ್ಧ ಕಳೀಬೇಕು,” ಎಂದಿತು ಹಿಂದಿನಿಂದ ಒಂದು ದನಿ.

“ಅರ್ಧ ಕಳೆದ್ರೂ ಕಣಿವೆ ಮಧ್ಯದವರೆಗೆ ಬಂತಲ್ಲೋ!”

ಎಲ್ಲರೂ ನಕ್ಕರು. ರೊದಾಂತಿ ನಗಲಿಲ್ಲ. ಕೆಳಗಿನೂರಿನಲ್ಲಿ ಸಿಕ್ಕ ದಿನವೇ ಗಾಜಿನ ಡಬ್ಬಿಗೆ ಹಾಕಿಟ್ಟಿದ್ದ ಹುಳುವನ್ನು ತೆಗೆದು ಕಾಫಿ ಬಟ್ಟಲಿನ ತಟ್ಟೆಯ ಮೇಲೆ ಬಿಟ್ಟಳು. ಹುಳು ಮೈ ಚಾಚಿತು, ಕೊಂಬು ಆಡಿಸಿತು, ನಿಧಾನಕ್ಕೆ ಒಂದು ಸುತ್ತು ಬಂತು. ಹಿಂದೆ ದಾರದೆಳೆಯಂಥದ್ದೊಂದು ಉಳಿಯಿತು.

“ಏನಮ್ಮ ಅದು?” ಅರಿಸ್ತಿದಿಸ್ ಬಗ್ಗಿ ನೋಡಿದ.

“ಅದರ ಹಿಕ್ಕೆ. ಬಸವನಹುಳು ಏನು ತಿನ್ನುತ್ತೋ ಅದೇ ಬಣ್ಣ ಹೊರಗೆ ಬರುತ್ತೆ ಮಾಮ. ಕೋಸು ತಿಂದಿದ್ರೆ ಹಸಿರು ಇರ್ಬೇಕಿತ್ತು.”

“ಇದು ಬೆಳ್ಳಗಿದೆ.”

“ಹೌದು. ನಮ್ಮೂರಲ್ಲಿ ಗೋಧಿಹಿಟ್ಟು ಬಿಡೋ ಗಿಡ ಯಾರ ಹೊಲದಲ್ಲಿದೆ, ಸ್ವಲ್ಪ ಹೇಳಿ.”

ಅಡುಗೆಗೆ ಮೊದಲು ಹೊಟ್ಟೆ ಶುದ್ಧವಾಗಲೆಂದು ಬಸವನಹುಳುವನ್ನು ಬುಟ್ಟಿಯಲ್ಲಿಟ್ಟು ಹಿಟ್ಟು ತಿನ್ನಿಸುವುದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಪಾದ್ರಿಗಳು ಚಾವಣಿಯ ತೊಲೆ ಪರೀಕ್ಷಿಸತೊಡಗಿದರು. ಅಂಗಡಿಯವನು ಒಣಗಿದ ಬಟ್ಟಲನ್ನೇ ಮತ್ತೆ ಮತ್ತೆ ಒರೆಸಿದ.

“ಯಾರು ಅಂತ ಜಗಳ ತೆಗಿಯಲ್ಲ,” ಎಂದಳು ರೊದಾಂತಿ. “ಚುಕ್ಕೆಯವನ್ನ ಎಲ್ಲಿಂದ ಎತ್ಕೊಂಡ್ರಿ, ಗೋಡೆ ಪಕ್ಕದಲ್ಲೋ ಬೇರೆ ಕಡೆಯೋ, ಅಷ್ಟು ಬಾಯಿಬಿಟ್ಟು ಹೇಳಿದ್ರೆ ಸಾಕು. ಅದು ಗೊತ್ತಾಗದೆ ನನ್ನ ಹಲಗೆ ಕೆಲಸ ಮಾಡ್ತು ಅಂತ ನಾನು ಹೇಳೋ ಹಾಗಿಲ್ಲ.”

ಎಲ್ಲರೂ ತಮ್ಮ ತಮ್ಮ ಬಟ್ಟಲಿನ ತಳ ನೋಡಿದರು. “ಸರಿ, ನೀಲಿ ಕಾಳಿಗೆ ಒಪ್ಪೋರು ಕೈ ಎತ್ರಪ್ಪ,” ಎಂದ ಅರಿಸ್ತಿದಿಸ್. ಒಂದೊಂದೇ ಕೈ ಮೇಲೇಳತೊಡಗಿತು.

“ತಡಿರಿ!” ಎಂದು ನಾನು ಎದ್ದೆ. “ಹುಳ ಹಿಟ್ಟಿನ ಗಿರಣಿ ದಾರೀಲಿ ಹೋಗಿರುತ್ತೆ. ಹಸಿವಾಗಿರುತ್ತೆ, ಒಂದು ಬಾಯಿ...”

“ಗಿರಣಿ ಬಿದ್ದುಹೋಗಿ ನಿನ್ನ ತಾತನ ಕಾಲ ಆಯ್ತಲ್ಲೋ!”

ಬಾಗಿಲ ಬಳಿ ಕೂತಿದ್ದ ಎವಾಂಥಿಯಾ ಎದ್ದು ನಿಂತು ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಗೆ ಕೈ ಒರೆಸಿಕೊಂಡಳು. “ಮಾನೂಸೊಸ್, ನೀನು ಹೇಳ್ತೀಯೋ, ಪೀಪಾಯಿ ಹಿಂದಿನ ಬುಟ್ಟಿ ತಂದು ಈ ಮೇಜಿನ ಮೇಲೆ ಇಡ್ಲೋ?”

ಇನ್ನೇನು ಮಾಡಲಿ? ಟೋಪಿ ತೆಗೆದೆ.

“ಎತ್ಕೊಂಡಿದ್ದು ನಾನೇ,” ಎಂದೆ. “ಕಣಿವೆ ದಾಟಿದ್ದೂ ನಾನೇ, ಅದೂ ತರಕಾರಿ ಲಾರೀಲಿ. ವರ್ಷದ ಮೊದಲ ಹುಳ ಅಲ್ವಾ, ಹಂಚದೆ ತಿನ್ನೋದು ಹೇಗೆ? ಪಾದ್ರಿಗಳಿಗೆ ಒಂದು ಬೋಗುಣಿ, ಅಂಗಡಿಗೆ ಒಂದು, ನಾದಿನಿಗೆ ಒಂದು. ಮುಚ್ಚಳ ಸರಿ ಇರ್ಲಿಲ್ಲ, ಎಲ್ಲರ ಮನೇಲೂ ಒಂದೊಂದು ತಪ್ಪಿಸ್ಕೊಂಡ್ವು.”

“ಎಲ್ಲಿಂದ ಎತ್ಕೊಂಡ್ರಿ ಮಾಮ?” ರೊದಾಂತಿ ಹತ್ತಿರ ಬಂದಳು.

ಇದನ್ನು ಹೇಳುವುದು ಕಳ್ಳತನ ಒಪ್ಪಿಕೊಳ್ಳುವುದಕ್ಕಿಂತ ಕಷ್ಟವಾಯಿತು. “ಮಳೆ ನಿಂತ ದಿನ, ನೀನು ಏಳೋ ಮೊದಲೇ ಹೋಗಿ ಗುಡ್ಡ ಅಲೆದೆ ಕಣಮ್ಮ. ಒಂದೂ ಸಿಗಲಿಲ್ಲ. ಸಾಲುಗಟ್ಟಿ ನಿಲ್ತಾವೆ ಅಂತ ಹೇಳ್ತೀನಲ್ಲ, ಸುಳ್ಳು; ಮಂಡಿ ನೋವು, ಕಣ್ಣೂ ಮಂಜು. ಬರಿಗೈಲಿ ಬರೋವಾಗ ನಿನ್ನ ಹಲಗೆ ಎತ್ತಿ ನೋಡಿದೆ. ಕಿಕ್ಕಿರಿದು ಕೂತಿದ್ವು, ಚುಕ್ಕೆಯವು, ಚುಕ್ಕೆ ಇಲ್ಲದವು, ಎಲ್ಲಾ. ಬುಟ್ಟಿ ತುಂಬಿ ಟೋಪಿಗೂ ಹಾಕ್ಕೊಂಡೆ. ಕೋಸಿನ ಸಾಲಲ್ಲಿ ಒಂದೂ ಇರ್ಲಿಲ್ಲ.”

ಅರಿಸ್ತಿದಿಸ್ ನನ್ನನ್ನು ನೋಡಿದ, ಪಾದ್ರಿಗಳನ್ನು ನೋಡಿದ, ಮೀಸೆ ಬಿಟ್ಟ. ಎತ್ತಿದ್ದ ಕೈಗಳು ಒಂದೊಂದಾಗಿ ತಲೆ ಕೆರೆದುಕೊಂಡು ಕೆಳಗಿಳಿದವು.

“ಎಷ್ಟು ಉಳಿದಿವೆ ಮಾಮ?” ರೊದಾಂತಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

“ಹಂಚಿದ್ದು ಬಿಟ್ರೆ ಚುಕ್ಕೆಯವೆಲ್ಲ ಬುಟ್ಟೀಲಿ ಬದುಕಿವೆ. ನಿನ್ನ ಚುಕ್ಕೆ ನೋಡಿ ಎವಾಂಥಿಯಾ ಬಾಣಲೆಗೆ ಹಾಕಲ್ಲ ಅಂತ ಹಟ ಹಿಡಿದ್ಲು. ಮಿಕ್ಕವನ್ನ ನಾವು ಮೂವರೂ ತಿಂದ್ವಿ. ಮಂಗಳವಾರ ನೀನು ಎರಡು ಸಲ ಬಡಿಸ್ಕೊಂಡೆ.”

ಅವಳು ನನ್ನ ಎರಡೂ ಕಿವಿ ಹಿಡಿದು ಹಣೆಗೆ ಮುತ್ತು ಕೊಟ್ಟಳು. ಆಮೇಲೆ ಕಿವಿ ಬಿಡದೆಯೇ ಕೇಳಿದಳು: “ಮತ್ತೆ ಆ ಕುದುರೆ ಪಂದ್ಯ?”

“ಕತ್ತೆ ಅದು,” ಎಂದೆ. “ಗೂಟಕ್ಕೆ ಕಟ್ಟಿದ್ದೆ.”